ಕಂತು ತಡವಾದರೆ ನ್ಯಾಯವೂ ತಡ

ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿ ಸಿಎಸ್‌ಟಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಎಡೆಲ್‌ವೈಸ್ ಹೌಸ್ ಸಿಗುತ್ತದೆ. ಹಣಕಾಸು ವ್ಯವಹಾರದ ದೊಡ್ಡ ಸಮೂಹವೊಂದರ ಈ ವಿಳಾಸವೇ ಎಡೆಲ್‌ಗಿವ್ ಫೌಂಡೇಶನ್ನಿನ ವಿಳಾಸವೂ ಹೌದು. 2008ರಲ್ಲಿ ವಿದ್ಯಾ ಶಾ ಕಟ್ಟಿದ ಈ ಸಂಸ್ಥೆಯ ಮುಖ್ಯ ಕೆಲಸ ಅನುದಾನ ಕೊಡುವುದು. ಶಿಕ್ಷಣ, ಜೀವನೋಪಾಯ, ಮಹಿಳೆಯರ ಹಕ್ಕುಗಳ ಕ್ಷೇತ್ರದಲ್ಲಿ ದುಡಿಯುವ ಸಂಸ್ಥೆಗಳಿಗೆ ಇಲ್ಲಿಂದ ಹಣ ಹೋಗುತ್ತದೆ. ಕೌಟುಂಬಿಕ ದೌರ್ಜನ್ಯಕ್ಕೆ ಸಿಕ್ಕ ಹೆಂಗಸರ ಪರವಾಗಿ ಕೋರ್ಟು ಹತ್ತುವ ಮಜ್ಲಿಸ್ ನೆಲೆಯೂರಿ ಬೆಳೆದದ್ದೂ ಇದೇ ಕಲೀನಾದಲ್ಲಿ. ಅದನ್ನು ಮಧುಶ್ರೀ ದತ್ತಾ ಜೊತೆ ಸೇರಿ ಹುಟ್ಟುಹಾಕಿದ ವಕೀಲೆ ಫ್ಲೇವಿಯಾ ಆಗ್ನೆಸ್ ಬಾಲ್ಯ ಕಳೆದದ್ದು ನಮ್ಮ ಮಂಗಳೂರಿನಲ್ಲಿ. ಇನ್ನು ಕರಾವಳಿಯಿಂದ ಬಂದ ಬಿಲ್ಲವರು ತಾವೇ ಕಟ್ಟಿಕೊಂಡ, ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನವನ್ನು ಮುಂಬಯಿ ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ.

ಕೊಡುವವರು, ಹೋರಾಡುವವರು, ತಮ್ಮ ಕಾಲ ಮೇಲೆ ತಾವೇ ನಿಂತವರು: ಸಾಮಾಜಿಕ ನ್ಯಾಯದ ಮೂರು ಮುಖಗಳು ಒಂದೇ ಉಪನಗರದಲ್ಲಿವೆ. ಮೂರಕ್ಕೂ ಬೇಕಾದ, ಆದರೆ ಯಾರೂ ಹೆಸರೆತ್ತದ ಒಂದು ಹುದ್ದೆಯಿದೆ. ಚೀಫ್ ಆಪರೇಟಿಂಗ್ ಆಫೀಸರ್, ಡೈರೆಕ್ಟರ್ ಆಪರೇಷನ್ಸ್, ಕಾರ್ಯಾಚರಣೆ ಮುಖ್ಯಸ್ಥ ಎಂದು ಅದಕ್ಕೆ ಹೆಸರು ಹಲವು. ಹಣಕಾಸು, ಕಾನೂನು ಪಾಲನೆ, ಸಿಬ್ಬಂದಿ, ಕರಾರು, ಆಡಿಟ್, ಕಂಪ್ಯೂಟರ್ ವ್ಯವಸ್ಥೆ ಎಲ್ಲವೂ ಈ ಹುದ್ದೆಯ ಕೆಳಗೆ ಬರುತ್ತವೆ. ಫೌಂಡೇಶನ್ನಿನ ವಾರ್ಷಿಕ ವರದಿಯಲ್ಲಿ ದಾನಿಯ ಮುನ್ನುಡಿ ಇರುತ್ತದೆ, ಹೊಲಿಗೆ ಯಂತ್ರದ ಮುಂದೆ ಕುಳಿತ ಮಹಿಳೆಯ ಚಿತ್ರ ಇರುತ್ತದೆ. ದಾನಿಯ ಹಣ ಆ ಮಹಿಳೆಯ ಊರಿನ ಸಂಸ್ಥೆಗೆ ಯಾವ ಷರತ್ತಿನ ಮೇಲೆ, ಎಷ್ಟು ದಿನಕ್ಕೆ ತಲುಪಿತು ಎಂಬುದನ್ನು ತೀರ್ಮಾನಿಸಿದವರ ಸುಳಿವು ಮಾತ್ರ ಇರುವುದಿಲ್ಲ.

ಈ ಹುದ್ದೆಯನ್ನು ಗುಮಾಸ್ತಿಕೆಯ ಮುಂದುವರಿದ ರೂಪ ಎಂದು ನೋಡುವುದು ತಪ್ಪು. ಸಾಮಾಜಿಕ ನ್ಯಾಯಕ್ಕೆ ಹಣ ಕೊಡುತ್ತೇವೆ ಎನ್ನುವ ಸಂಸ್ಥೆಯ ಮಾತಿಗೂ ನಡತೆಗೂ ನಂಟಿದೆಯೇ ಎಂಬುದು ಮೊದಲು ಗೊತ್ತಾಗುವುದು ಈ ಮೇಜಿನಲ್ಲೇ.

ಒಂದು ಅನುದಾನದ ದಾರಿಯನ್ನು ಹತ್ತಿರದಿಂದ ನೋಡೋಣ. ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಯೊಂದು ಅರ್ಜಿ ಹಾಕುತ್ತದೆ. ಅದರೊಂದಿಗೆ ನೋಂದಣಿ ಪತ್ರ, ಪ್ಯಾನ್, ಆದಾಯ ತೆರಿಗೆ ವಿನಾಯಿತಿಯ 12ಎ ಮತ್ತು 80ಜಿ ಪ್ರಮಾಣಪತ್ರ, ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಹಣವಾದರೆ ಸಿಎಸ್‌ಆರ್-1 ಸಂಖ್ಯೆ, ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ, ಟ್ರಸ್ಟಿಗಳ ಠರಾವು, ರದ್ದು ಮಾಡಿದ ಚೆಕ್ಕು, ಸಾಲುಸಾಲಾದ ಬಜೆಟ್ ಹೋಗಬೇಕು. ಪರಿಶೀಲನೆ ಮುಗಿದ ಮೇಲೆ ಕರಾರು, ಕರಾರಿನ ಮೇಲೆ ಮೊದಲ ಕಂತು. ಮೂರು ತಿಂಗಳಿಗೊಮ್ಮೆ ವರದಿ, ಖರ್ಚಿನ ತಃಖ್ತೆ, ಲೆಕ್ಕಪರಿಶೋಧಕರ ಸಹಿಯಿರುವ ಬಳಕೆ ಪ್ರಮಾಣಪತ್ರ. ಇವಿಷ್ಟೂ ಒಪ್ಪಿಗೆಯಾದ ಮೇಲೆ ಎರಡನೇ ಕಂತು. ಸಂಸ್ಥೆಗೆ ನಾಲ್ಕು ಕಡೆಯಿಂದ ಹಣ ಬರುತ್ತಿದ್ದರೆ ನಾಲ್ಕು ನಮೂನೆಯ ವರದಿ, ನಾಲ್ಕು ಬಗೆಯ ಬಜೆಟ್ ತಲೆಬರಹ.

ಈ ಸರಪಳಿಯ ಯಾವ ಕೊಂಡಿ ಬಿಗಿಯಾದರೂ ಪೆಟ್ಟು ತಿನ್ನುವುದು ತುದಿಯಲ್ಲಿರುವವರು. ಮುಂಬಯಿಯ ಕಚೇರಿಯಲ್ಲಿ ಕಡತ ಒಂದು ತಿಂಗಳು ನಿಂತರೆ ಅಲ್ಲಿನ ಯಾರ ಸಂಬಳವೂ ನಿಲ್ಲುವುದಿಲ್ಲ. ಹಳ್ಳಿಯ ಆಪ್ತಸಮಾಲೋಚಕಿಯ ಸಂಬಳ ನಿಲ್ಲುತ್ತದೆ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿದು, ಹೊಸ ಕರಾರು ಆಗುವುದರೊಳಗೆ ಏಪ್ರಿಲ್, ಮೇ, ಜೂನ್ ಕಳೆಯುವುದು ಈ ಕ್ಷೇತ್ರದಲ್ಲಿ ದುಡಿದವರಿಗೆಲ್ಲ ಗೊತ್ತಿರುವ ಸಂಕಟ. ಆ ತಿಂಗಳುಗಳಲ್ಲಿ ಸಂಸ್ಥೆಯ ಮುಖ್ಯಸ್ಥರು ಸ್ವಂತ ಉಳಿತಾಯ ಮುರಿದು ಸಂಬಳ ಕೊಡುತ್ತಾರೆ, ಇಲ್ಲವೇ ಅನುಭವಸ್ಥ ಕಾರ್ಯಕರ್ತೆ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾಳೆ. ಬಡವರ ಪರವಾದ ಕೆಲಸದ ಹಣಕಾಸಿನ ಅಪಾಯವನ್ನೆಲ್ಲ ಬಡ ಸಂಸ್ಥೆಯೇ ಹೊರುವಂತಾದರೆ ಅದು ನ್ಯಾಯವಲ್ಲ. ಆ ಅಪಾಯ ಯಾರ ಹೆಗಲಿಗೆ ಎಂಬುದನ್ನು ನಿರ್ಧರಿಸುವ ಕರಾರಿನ ಷರತ್ತು ಬರೆಯಿಸುವುದು ಕಾರ್ಯಾಚರಣೆ ಮುಖ್ಯಸ್ಥರೇ.

ಕಳೆದ ಕೆಲವು ವರ್ಷಗಳಲ್ಲಿ ಕಾನೂನಿನ ಬದಲಾವಣೆಗಳು ಈ ಹುದ್ದೆಯ ತೂಕವನ್ನು ಇನ್ನಷ್ಟು ಹೆಚ್ಚಿಸಿವೆ. 2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ, ಅಂದರೆ ಎಫ್‌ಸಿಆರ್‌ಎಗೆ ತಿದ್ದುಪಡಿಯಾಯಿತು. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲು ಶೇ 50ರಿಂದ ಶೇ 20ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಹೊಡೆತ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ ಎಂಬ ನಿಷೇಧ. ಅಲ್ಲಿಯವರೆಗೆ ನಗರದ ದೊಡ್ಡ ಫೌಂಡೇಶನ್ನುಗಳು ವಿದೇಶಿ ಹಣ ಪಡೆದು, ಎಫ್‌ಸಿಆರ್‌ಎ ನೋಂದಣಿಯಿದ್ದ ಸಣ್ಣ ಸಂಸ್ಥೆಗಳಿಗೆ ಹಂಚುತ್ತಿದ್ದವು. ಇಂಗ್ಲಿಷಿನಲ್ಲಿ ಪ್ರಸ್ತಾವನೆ ಬರೆಯಲಾಗದ, ವಿದೇಶಿ ದಾನಿಗಳ ಪರಿಚಯವಿಲ್ಲದ ಸಂಸ್ಥೆಗಳಿಗೆ ಇದ್ದ ದಾರಿ ಅದೊಂದೇ. ಆ ದಾರಿ ಮುಚ್ಚಿತು. ವಿದೇಶಿ ದೇಣಿಗೆ ಬರುವ ಖಾತೆ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಇರಬೇಕು ಎಂದೂ ಆಯಿತು. ಕೋವಿಡ್ ಎರಡನೇ ಅಲೆ ಏಳುತ್ತಿದ್ದ ಹೊತ್ತಿನಲ್ಲಿ, 2021ರ ಮಾರ್ಚ್ 31ಕ್ಕೆ, ಅದಕ್ಕೆ ಕೊಟ್ಟಿದ್ದ ಗಡುವು ಮುಗಿಯಿತು. ಖಾತೆ ತೆರೆಯಲು ಆಗದಿದ್ದ ಸಂಸ್ಥೆಗಳು ಆಮ್ಲಜನಕ, ಔಷಧ, ಪಡಿತರಕ್ಕೆ ಬರಬೇಕಿದ್ದ ಹಣ ಪಡೆಯಲಾಗದೆ ಒದ್ದಾಡಿದವು. ಗಡುವನ್ನು ಜೂನ್ 30ರವರೆಗೆ ವಿಸ್ತರಿಸುವ ಪ್ರಕಟಣೆ ಬಂದದ್ದು ಮೇ ಮಧ್ಯದ ನಂತರ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಈ ತಿದ್ದುಪಡಿಗಳ ಸಿಂಧುತ್ವವನ್ನು ಎತ್ತಿಹಿಡಿಯಿತು.

ದೇಶದೊಳಗಿನ ಹಣಕ್ಕೂ ನಿಯಮಗಳು ಬಿಗಿಯಾದವು. 2020ರ ನಂತರ 12ಎ, 80ಜಿ ನೋಂದಣಿಗಳು ಒಮ್ಮೆ ಸಿಕ್ಕರೆ ಸದಾಕಾಲಕ್ಕೆ ಎಂಬ ಸ್ಥಿತಿ ಹೋಗಿ, ಅವಧಿಗೊಮ್ಮೆ ನವೀಕರಿಸಬೇಕಾಯಿತು. 2021ರ ಏಪ್ರಿಲಿನಿಂದ ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳಿಗೆ ಸಿಎಸ್‌ಆರ್-1 ನೋಂದಣಿ ಕಡ್ಡಾಯವಾಯಿತು. 2023ರ ಹಣಕಾಸು ಕಾಯ್ದೆ ಇನ್ನೊಂದು ಗಂಟು ಹಾಕಿತು: ಒಂದು ಧರ್ಮಾರ್ಥ ಟ್ರಸ್ಟು ಇನ್ನೊಂದಕ್ಕೆ 100 ರೂಪಾಯಿ ಕೊಟ್ಟರೆ, ತೆರಿಗೆ ವಿನಾಯಿತಿಯ ಲೆಕ್ಕದಲ್ಲಿ 85 ರೂಪಾಯಿಯಷ್ಟೇ ಖರ್ಚಾಯಿತು ಎಂದು ಪರಿಗಣನೆ. ಸ್ವತಃ ಕೆಲಸ ಮಾಡುವ ಟ್ರಸ್ಟಿಗೆ ಈ ತೊಂದರೆ ಇಲ್ಲ. ಬೇರೆಯವರ ಕೆಲಸಕ್ಕೆ ಹಣ ಕೊಡುವುದನ್ನೇ ಕಸುಬಾಗಿಸಿಕೊಂಡ ಫೌಂಡೇಶನ್ನಿಗೆ ಪ್ರತಿ ಅನುದಾನದಲ್ಲೂ ಈ ಲೆಕ್ಕ ಎದುರಾಗುತ್ತದೆ.

ಹೀಗಿರುವಾಗ ಕಾರ್ಯಾಚರಣೆ ಮುಖ್ಯಸ್ಥರ ಮುಂದೆ ಎರಡು ದಾರಿಗಳಿವೆ. ಕಾನೂನಿನ ಹೆದರಿಕೆಯನ್ನು ಹಾಗೇ ಕೆಳಕ್ಕೆ ದಾಟಿಸುವುದು ಒಂದು. ಕಾನೂನು ಕೇಳಿದ್ದು ಎರಡು ಕಾಗದವಾದರೆ ‘ಸುರಕ್ಷತೆಗೆ ಇರಲಿ’ ಎಂದು ಹತ್ತು ಕಾಗದ ಕೇಳುವುದು. ದಾಖಲೆ ಅಚ್ಚುಕಟ್ಟಾಗಿರುವ, ನಗರದ, ಇಂಗ್ಲಿಷ್ ಬಲ್ಲ ಸಂಸ್ಥೆಗಳಿಗೇ ಹಣ ಕೊಟ್ಟು ಆರಾಮಾಗಿರುವುದು. ಹಾಗೆ ಮಾಡಿದರೆ ಆಡಿಟ್ ವರದಿಯಲ್ಲಿ ಒಂದು ಕಪ್ಪು ಚುಕ್ಕೆಯೂ ಬೀಳುವುದಿಲ್ಲ. ಆದರೆ ದಲಿತ ಹೆಂಗಸರು ನಡೆಸುವ, ಅಲೆಮಾರಿ ಸಮುದಾಯದ ಯುವಕರು ಕಟ್ಟಿದ, ಅಂಗವಿಕಲರೇ ಮುನ್ನಡೆಸುವ ಸಂಸ್ಥೆಗಳು ಬಾಗಿಲಲ್ಲೇ ಉಳಿಯುತ್ತವೆ. ಯಾರನ್ನೂ ಬೇಕೆಂದೇ ಹೊರಗಿಡದೆ, ಬರಿಯ ನಮೂನೆಗಳ ಮೂಲಕವೇ ಹೊರಗಿಟ್ಟಂತಾಗುತ್ತದೆ. ಎರಡನೇ ದಾರಿ ಕಷ್ಟದ್ದು: ಕಾನೂನನ್ನು ಪೂರ್ತಿ ಅರಿತು, ಅದು ನಿಜಕ್ಕೂ ಕೇಳುವುದೆಷ್ಟು ಎಂದು ಗೆರೆ ಎಳೆದು, ಉಳಿದ ಹೊರೆಯನ್ನು ಫೌಂಡೇಶನ್ನೇ ಹೊತ್ತುಕೊಳ್ಳುವುದು. ಲೆಕ್ಕ ಬರೆಯಲು ಬಾರದವರಿಗೆ ಅಕೌಂಟೆಂಟ್ ಒದಗಿಸುವುದು, ನವೀಕರಣದ ಗಡುವನ್ನು ನೆನಪಿಸುವುದು, ವರದಿಯನ್ನು ಕನ್ನಡದಲ್ಲೋ ಮರಾಠಿಯಲ್ಲೋ ಒಪ್ಪುವುದು. ಮೊದಲ ದಾರಿ ಹಿಡಿದವರೂ ದಕ್ಷರೇ. ಎರಡನೆಯದು ಹಿಡಿದವರು ದಕ್ಷರೂ ಹೌದು, ನ್ಯಾಯದ ಕೆಲಸ ಮಾಡುವವರೂ ಹೌದು.

ಇಲ್ಲಿ ಎದುರಾಗುವ ಹಳೆಯ ಆಕ್ಷೇಪವೆಂದರೆ ಆಡಳಿತ ವೆಚ್ಚದ್ದು. ದಾನದ ಹಣ ನೇರವಾಗಿ ಫಲಾನುಭವಿಗೆ ಹೋಗಬೇಕು, ಕಚೇರಿ, ಅಕೌಂಟೆಂಟ್, ಮ್ಯಾನೇಜರ್ ಎಂದು ಸೋರಬಾರದು ಎನ್ನುವುದು ದಾನಿಗಳ ಸಹಜ ಅಪೇಕ್ಷೆ. ಅದರ ಹಿಂದೆ ಕಹಿ ಅನುಭವವೂ ಇದೆ. ಸೇವೆಯ ಹೆಸರಿನಲ್ಲಿ ಕಾರು, ಬಂಗಲೆ ಮಾಡಿಕೊಂಡವರನ್ನು ಜನ ಕಂಡಿದ್ದಾರೆ. ಆದರೆ ಈ ಅಪೇಕ್ಷೆ ಕಾಗದದ ಮೇಲೆ ಹೇಗೆ ಇಳಿಯುತ್ತದೆ ಎಂದು ಲೆಕ್ಕ ಹಾಕಿ ನೋಡಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿಯ ಅನುದಾನ, ಆಡಳಿತಕ್ಕೆ ಶೇ 5 ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 50,000 ರೂಪಾಯಿ, ತಿಂಗಳಿಗೆ ಸುಮಾರು 4,167 ರೂಪಾಯಿ. ಇದರಲ್ಲಿ ಬಾಡಿಗೆ, ವಿದ್ಯುತ್, ಲೆಕ್ಕ ಬರೆಯುವವರ ಸಂಬಳ, ಆಡಿಟರ್ ಶುಲ್ಕ, ರಿಟರ್ನ್ ಸಲ್ಲಿಕೆ ಎಲ್ಲವೂ ಆಗಬೇಕು. ಆಗುವುದಿಲ್ಲ. ಬಾವಿ ತೋಡಲು ಹಣ ಕೊಟ್ಟು, ಕೊಡಕ್ಕೂ ಹಗ್ಗಕ್ಕೂ ಇಲ್ಲ ಎಂದಂತೆ. ಆಗ ಸಂಸ್ಥೆ ಅಕೌಂಟೆಂಟನನ್ನು ‘ಕ್ಷೇತ್ರ ಸಂಯೋಜಕ’ ಎಂದು ಬರೆಯುತ್ತದೆ, ಬಾಡಿಗೆಯನ್ನು ತರಬೇತಿ ಖರ್ಚಿನೊಳಗೆ ಸೇರಿಸುತ್ತದೆ. ಪ್ರಾಮಾಣಿಕರನ್ನೂ ಸುಳ್ಳು ಬರೆಯುವಂತೆ ಮಾಡುವ ನಿಯಮವಿದು.

ಬ್ರಿಡ್ಜ್‌ಸ್ಪ್ಯಾನ್ ಎಂಬ ಸಲಹಾ ಸಂಸ್ಥೆ 2021ರಲ್ಲಿ ಭಾರತದ ಸ್ವಯಂಸೇವಾ ಸಂಸ್ಥೆಗಳ ಸ್ಥಿತಿಯ ಬಗ್ಗೆ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಅಂಕಿಗಳ ಬಲ ಕೊಟ್ಟಿತು. ಸಮೀಕ್ಷೆಗೆ ಉತ್ತರಿಸಿದ 388 ಸಂಸ್ಥೆಗಳಲ್ಲಿ ಶೇ 83ರಷ್ಟು, ಪರೋಕ್ಷ ವೆಚ್ಚಕ್ಕೆ, ಅಂದರೆ ಆಡಳಿತದಂಥ ಖರ್ಚಿಗೆ, ಹಣ ಸಿಗದೆ ಹೆಣಗುತ್ತಿದ್ದೇವೆ ಎಂದವು. ತಕ್ಕಮಟ್ಟಿಗೆ ಅನುಕೂಲವಿದ್ದ 40 ಸಂಸ್ಥೆಗಳ ಲೆಕ್ಕಪತ್ರ ಬಿಡಿಸಿ ನೋಡಿದಾಗ ನಿಜವಾದ ಪರೋಕ್ಷ ವೆಚ್ಚ ಶೇ 5ರಿಂದ ಶೇ 51ರವರೆಗೂ ಇತ್ತು. ಮಧ್ಯದ ಅಂಕಿ ಶೇ 19. ಹಳ್ಳಿಹಳ್ಳಿ ಸುತ್ತುವ ಸಂಸ್ಥೆಗೂ ತರಬೇತಿ ಪುಸ್ತಕ ಬರೆಯುವ ಸಂಸ್ಥೆಗೂ ಒಂದೇ ಶೇಕಡಾವಾರು ಮಿತಿ ಹಾಕುವುದಕ್ಕೆ ಅರ್ಥವಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಸಿಎಸ್‌ಆರ್ ನಿಯಮದಲ್ಲಿರುವ ಶೇ 5ರ ಮಿತಿ ಕೂಡ ಹಣ ಕೊಡುವ ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ ಹಾಕಿದ್ದು. ಅದನ್ನೇ ಎತ್ತಿ ಹಣ ಪಡೆಯುವ ಸಂಸ್ಥೆಯ ತಲೆಗೆ ಕಟ್ಟುವ ರೂಢಿ ಬೆಳೆದುಬಂತು. ಈ ವ್ಯತ್ಯಾಸ ಬಲ್ಲ ಕಾರ್ಯಾಚರಣೆ ಮುಖ್ಯಸ್ಥರೊಬ್ಬರು ಇದ್ದರೆ ಒಂದು ಟಿಪ್ಪಣಿಯಲ್ಲಿ ಸರಿಹೋಗುವ ತಪ್ಪಿದು.

ಕಲೀನಾದ ಎಡೆಲ್‌ಗಿವ್ ಈ ಚರ್ಚೆಯಲ್ಲಿ ಮಹತ್ವ ಪಡೆಯುವುದು ಇಲ್ಲೇ. ಕೋವಿಡ್ ಹೊಡೆತಕ್ಕೆ ಸಣ್ಣ ಸಂಸ್ಥೆಗಳು ಒಂದೊಂದಾಗಿ ಕುಸಿಯುತ್ತಿದ್ದ 2021ರಲ್ಲಿ ಅದು ‘ಗ್ರೋ’ ನಿಧಿಯನ್ನು ಘೋಷಿಸಿತು. 100 ತಳಮಟ್ಟದ ಸಂಸ್ಥೆಗಳು, 24 ತಿಂಗಳು, 100 ಕೋಟಿ ರೂಪಾಯಿ ಎಂಬುದು ಅದರ ಗುರಿ. ಹಲವು ದಾನಿಗಳ ಹಣವನ್ನು ಒಂದೇ ಕಡೆ ಕೂಡಿಸಿದ್ದು ಒಂದು ವಿಶೇಷ. ಸಂಬಳ, ಬಾಡಿಗೆ, ಲೆಕ್ಕಪತ್ರ, ಕಾನೂನು ಪಾಲನೆ, ಸಿಬ್ಬಂದಿಯ ಸಾಮರ್ಥ್ಯ ಇಂಥ ಸಂಸ್ಥೆಯ ಮೂಲ ಖರ್ಚುಗಳಿಗೇ ಹಣ ಎಂದದ್ದು ಇನ್ನೂ ದೊಡ್ಡ ವಿಶೇಷ. ‘ಯೋಜನೆಗೆ ಮಾತ್ರ ಹಣ’ ಎಂಬ ಒಗ್ಗಿಹೋದ ರೂಢಿಯನ್ನು ಅದು ತಲೆಕೆಳಗು ಮಾಡಿತು. ನ್ಯೂಯಾರ್ಕಿನ ಫೋರ್ಡ್ ಫೌಂಡೇಶನ್ 2016ರಲ್ಲಿ ‘ಬಿಲ್ಡ್’ ಎಂಬ ಹೆಸರಿನಲ್ಲಿ ಸಾಮಾಜಿಕ ನ್ಯಾಯದ ಸಂಘಟನೆಗಳಿಗೆ ನೂರು ಕೋಟಿ ಡಾಲರ್ ತೆಗೆದಿಟ್ಟು, ಐದು ವರ್ಷದ, ಷರತ್ತು ಕಡಿಮೆಯಿರುವ ಅನುದಾನ ಕೊಡತೊಡಗಿದ್ದೂ ಇದೇ ತಿಳಿವಿನಿಂದ. ಸಂಸ್ಥೆ ಗಟ್ಟಿಯಾಗಿ ನಿಂತರಷ್ಟೇ ಹೋರಾಟ ಉಳಿಯುತ್ತದೆ ಎಂಬುದನ್ನು ಕೊಡುವವರು ಒಪ್ಪಿಕೊಂಡ ಗಳಿಗೆಗಳಿವು.

ಆದರೂ ‘ಗ್ರೋ’ ಕೊಡುವ ಎರಡು ವರ್ಷ ಸಾಕೇ? ಮಜ್ಲಿಸ್‌ನಂಥ ಸಂಸ್ಥೆಗಳು ಮಾಡುವ ಕೆಲಸದ ಸ್ವರೂಪ ನೋಡಿದರೆ ಉತ್ತರ ಸಿಗುತ್ತದೆ. ಗಂಡನ ಹೊಡೆತ ತಾಳದೆ ಮನೆ ಬಿಟ್ಟ ಹೆಂಗಸಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ರಕ್ಷಣಾ ಆದೇಶ ಬೇಕು, ವಾಸದ ಹಕ್ಕು ಬೇಕು, ಜೀವನಾಂಶ ಬೇಕು. ಅರ್ಜಿಯನ್ನು 60 ದಿನದೊಳಗೆ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನಮ್ಮ ನ್ಯಾಯಾಲಯಗಳಲ್ಲಿ ಪ್ರಕರಣ ವರ್ಷಗಟ್ಟಲೆ ಎಳೆಯುತ್ತದೆ ಎಂಬುದು ಕಕ್ಷಿದಾರರಿಗೆಲ್ಲ ಗೊತ್ತು. ಒಂದೇ ವರ್ಷದ ಅನುದಾನದಲ್ಲಿ ಒಬ್ಬ ವಕೀಲೆಯನ್ನು ನೇಮಿಸಿಕೊಂಡರೆ, ಪಾಟೀಸವಾಲು ಬರುವ ಹೊತ್ತಿಗೆ ಕರಾರು ಮುಗಿದಿರುತ್ತದೆ. ‘ಈ ತ್ರೈಮಾಸಿಕದಲ್ಲಿ ಎಷ್ಟು ಜನರಿಗೆ ನ್ಯಾಯ ದೊರೆಯಿತು’ ಎಂಬ ಕಾಲಂ ತುಂಬುವುದಾದರೂ ಹೇಗೆ? ಆದೇಶ ಬರದಿದ್ದರೂ ಆ ಹೆಂಗಸು ವಾಪಸು ಹೊಡೆತದ ಮನೆಗೆ ಹೋಗಲಿಲ್ಲ ಎಂಬುದನ್ನು ಯಾವ ಕಾಲಂನಲ್ಲಿ ಬರೆಯಬೇಕು? ಅನುದಾನದ ಅವಧಿ, ವರದಿಯ ನಮೂನೆ, ಅಳತೆಗೋಲು ಇವು ಕಚೇರಿಯ ಅನುಕೂಲಕ್ಕೆ ತಕ್ಕಂತೆ ಇದ್ದರೆ ಸಾಲದು, ಕೆಲಸದ ಗತಿಗೆ ತಕ್ಕಂತೆ ಇರಬೇಕು. ಕಾರ್ಯಕ್ರಮ ಅಧಿಕಾರಿಗೆ ಇದು ಗೊತ್ತಿದ್ದರೆ ಸಾಲದು. ಹಣ ಬಿಡುಗಡೆಗೆ ಸಹಿ ಹಾಕುವವರಿಗೆ ಗೊತ್ತಿರಬೇಕು.

ಲೆಕ್ಕಪತ್ರದ ಶಿಸ್ತು ನ್ಯಾಯದ ಹೋರಾಟಕ್ಕೆ ಹೊರಗಿನಿಂದ ತಂದು ಹೇರಿದ್ದು ಎಂದು ಭಾವಿಸುವವರೂ ಇದ್ದಾರೆ. ಅವರಿಗೆ ಸಾಂತಾಕ್ರೂಜಿನ ಬಿಲ್ಲವ ಭವನವೇ ಉತ್ತರ. ದೇವಸ್ಥಾನದ ಒಳಗೆ ಬಿಡದ ಕಾಲದಲ್ಲಿ ಕರಾವಳಿಯ ಬಿಲ್ಲವರು ನಾರಾಯಣ ಗುರುಗಳನ್ನು ಕರೆತಂದು, 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ತಮ್ಮದೇ ಗೋಕರ್ಣನಾಥೇಶ್ವರ ಕ್ಷೇತ್ರದ ಪ್ರತಿಷ್ಠೆ ಮಾಡಿಸಿಕೊಂಡರು. ಅದೇ ಸಮುದಾಯದ ಹುಡುಗರು ಹೊಟ್ಟೆಪಾಡಿಗೆ ಮುಂಬಯಿಗೆ ಬಂದು, ಹಗಲು ಹೋಟೆಲುಗಳಲ್ಲಿ ದುಡಿದು, ಸಂಜೆ ರಾತ್ರಿ ಶಾಲೆಗಳಲ್ಲಿ ಓದಿದರು. 1932ರಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಶನ್ ಗುರುಗಳ ಹೆಸರಿನಲ್ಲಿ ರಾತ್ರಿ ಶಾಲೆ ನಡೆಸಿತು, ವಿದ್ಯಾರ್ಥಿಗಳಿಗೆ ನೆರವು ಕೊಟ್ಟಿತು, 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನು ಹುಟ್ಟುಹಾಕಿತು. ಗೌರವದ ಹೋರಾಟವನ್ನು ಶಾಲೆ, ಬ್ಯಾಂಕು, ಭವನಗಳಾಗಿ ನಿಲ್ಲಿಸಲು ಭಾಷಣಕಾರರು ಮಾತ್ರ ಸಾಕಾಗಲಿಲ್ಲ. ಸದಸ್ಯತ್ವದ ರಸೀದಿ ಹರಿದವರು, ಜಮಾಖರ್ಚು ಬರೆದವರು, ಮಹಾಸಭೆಯಲ್ಲಿ ಲೆಕ್ಕ ಒಪ್ಪಿಸಿದ ಕೋಶಾಧಿಕಾರಿಗಳು ಬೇಕಾದರು. ದಾನಿ, ಫಲಾನುಭವಿ, ಲೆಕ್ಕ ಕೇಳುವವರು ಎಲ್ಲರೂ ಒಂದೇ ಸಮುದಾಯದವರಾಗಿದ್ದುದರಿಂದ ಅಲ್ಲಿ ಹೊಣೆ ಎರಡೂ ದಿಕ್ಕಿಗಿತ್ತು. ಇಂದಿನ ಫೌಂಡೇಶನ್ನುಗಳಲ್ಲಿ ಕಾಣೆಯಾಗಿರುವುದು ಅದೇ: ಹಣ ಪಡೆದವರು ಲೆಕ್ಕ ಕೊಡುತ್ತಾರೆ, ಕೊಟ್ಟವರನ್ನು ಲೆಕ್ಕ ಕೇಳುವವರಿಲ್ಲ.

ಮುಂಬಯಿಯ ಇನ್ನೊಂದು ಉದಾಹರಣೆಯನ್ನೂ ನೆನೆಯಬೇಕು. 1979ರಲ್ಲಿ ವಿಮಾನದಲ್ಲಿ ಪರ್ಸರ್ ಆಗಿದ್ದ ರಿಪ್ಪನ್ ಕಪೂರ್ ಆರು ಮಂದಿ ಗೆಳೆಯರೊಂದಿಗೆ, ಕೈಯಲ್ಲಿದ್ದ 50 ರೂಪಾಯಿಯಿಂದ, ತಾಯಿಯ ಊಟದ ಮೇಜಿನ ಮೇಲೆ ‘ಕ್ರೈ’ ಆರಂಭಿಸಿದರು. ಮಕ್ಕಳಿಗಾಗಿ ತಾವೇ ಕೇಂದ್ರ ತೆರೆಯುವ ಬದಲು, ಅದಾಗಲೇ ಮಕ್ಕಳ ನಡುವೆ ದುಡಿಯುತ್ತಿದ್ದವರಿಗೆ ಸಾಮಾನ್ಯ ಜನರ ಹಣ ತಲುಪಿಸುವುದು ಅವರ ಆಲೋಚನೆ. ಶುಭಾಶಯ ಪತ್ರ ಮಾರಿ, ಚಿಲ್ಲರೆ ದೇಣಿಗೆ ಕೂಡಿಸಿ ಬೆಳೆದ ಸಂಸ್ಥೆಗೆ ನಂಬಿಕೆಯೇ ಬಂಡವಾಳ. ಆ ನಂಬಿಕೆ ಉಳಿಯುವುದು ಪ್ರತಿ ರೂಪಾಯಿಗೂ ರಸೀದಿ ಇದ್ದಾಗ. 50 ರೂಪಾಯಿಯ ಆರಂಭವಿರಲಿ, 2019ರಲ್ಲಿ ಅಜೀಂ ಪ್ರೇಮ್‌ಜಿ ಬೆಂಗಳೂರಿನ ತಮ್ಮ ಫೌಂಡೇಶನ್ನಿಗೆ ಮೀಸಲಿಟ್ಟ ಒಟ್ಟು ನಿಧಿ 1,45,000 ಕೋಟಿ ರೂಪಾಯಿಗೆ ಮುಟ್ಟಿದ ಸಂದರ್ಭವಿರಲಿ, ಪ್ರಶ್ನೆ ಒಂದೇ. ಇಷ್ಟು ಹಣ ಸರಿಯಾದವರಿಗೆ, ಸರಿಯಾದ ಹೊತ್ತಿಗೆ, ಅವರ ಮರ್ಯಾದೆಗೆ ಕುಂದಿಲ್ಲದಂತೆ ತಲುಪಿಸುವವರು ಯಾರು?

ಕಾರ್ಯಾಚರಣೆ ಮುಖ್ಯಸ್ಥರ ಹುದ್ದೆಗೆ ಯಾರನ್ನು ತರಬೇಕು ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಬ್ಯಾಂಕು, ಕನ್ಸಲ್ಟೆನ್ಸಿಗಳಲ್ಲಿ ಪಳಗಿದವರನ್ನು ಕರೆತರುವುದು ಈಗಿನ ವಾಡಿಕೆ. ಅವರ ಹಣಕಾಸಿನ ನೈಪುಣ್ಯ ಬೇಕೇ ಬೇಕು. ಕಾನೂನು ಇಷ್ಟು ಜಟಿಲವಾಗಿರುವಾಗ ಒಳ್ಳೆಯ ಮನಸ್ಸೊಂದೇ ಸಾಕಾಗುವುದಿಲ್ಲ, ಒಂದು ತಪ್ಪಿಗೆ ನೋಂದಣಿಯೇ ರದ್ದಾದೀತು. ಆದರೆ ಅನುದಾನ ಪಡೆಯುವ ಬದಿಯಲ್ಲಿ ಒಮ್ಮೆಯೂ ಕೂತಿರದವರಿಗೆ ಎರಡನೇ ಕಂತಿಗಾಗಿ ಕಾಯುವುದೆಂದರೇನು ಎಂದು ಅಂಕಿಗಳಿಂದ ತಿಳಿಯುವುದಿಲ್ಲ. ಸಣ್ಣ ಸಂಸ್ಥೆಗಳ ಲೆಕ್ಕ ಬರೆದು ಮೇಲೆ ಬಂದವರು, ದಲಿತ, ಆದಿವಾಸಿ ಸಮುದಾಯಗಳ ಚಾರ್ಟರ್ಡ್ ಅಕೌಂಟೆಂಟುಗಳು, ಜಿಲ್ಲಾ ಮಟ್ಟದಲ್ಲಿ ಸಂಸ್ಥೆ ನಡೆಸಿದ ಹೆಂಗಸರು ಈ ಹುದ್ದೆಗೆ ಬರಬೇಕು. ಸಾಮಾಜಿಕ ನ್ಯಾಯದ ಫೌಂಡೇಶನ್ನುಗಳು ಕಾರ್ಯಕ್ರಮ ವಿಭಾಗದಲ್ಲಿ ಪ್ರಾತಿನಿಧ್ಯದ ಮಾತಾಡಿ, ಖಜಾನೆಯ ಬೀಗದ ಕೈಯನ್ನು ಮಾತ್ರ ಮೊದಲಿನವರ ಕೈಯಲ್ಲೇ ಉಳಿಸಿಕೊಂಡರೆ ಆ ಮಾತಿಗೆ ಬೆಲೆಯಿಲ್ಲ.

ಕಾಗದದ ಹೊರೆ ತಗ್ಗಿಸಿದರೆ ಉಸ್ತುವಾರಿ ಸಡಿಲವಾಗುತ್ತದೆ, ಮೋಸಗಾರರಿಗೆ ಅನುಕೂಲವಾಗುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ಆದರೆ ಮೋಸವನ್ನು ಹಿಡಿಯುವುದು ಕಾಗದದ ರಾಶಿಯಲ್ಲ. ಸುಳ್ಳು ಬಿಲ್ಲು ತಯಾರಿಸುವವನಿಗೆ ಹತ್ತು ನಮೂನೆ ತುಂಬುವುದು ಕಷ್ಟವೇನಲ್ಲ. ಕಷ್ಟವಾಗುವುದು ಬಿಲ್ಲು ಬುಕ್ಕೇ ಇಲ್ಲದ ಗುಡ್ಡಗಾಡಿನ ಜೀಪಿನಲ್ಲಿ ಪ್ರಯಾಣಿಸಿದ ಪ್ರಾಮಾಣಿಕಳಿಗೆ. ತಿಂಗಳ ಲೆಕ್ಕ ಸರಿಯಾಗಿ ಬರೆಯುವ ಒಬ್ಬ ಅಕೌಂಟೆಂಟ್, ವರ್ಷಕ್ಕೊಮ್ಮೆ ಸ್ಥಳಕ್ಕೆ ಹೋಗಿ ನೋಡಿ ಬರುವ ಒಬ್ಬ ಅಧಿಕಾರಿ ಮೋಸ ತಡೆಯುವಲ್ಲಿ ಹತ್ತು ನಮೂನೆಗಳಿಗಿಂತ ಮೇಲು. ಅವರಿಬ್ಬರ ಸಂಬಳವೇ ಆಡಳಿತ ವೆಚ್ಚ. ಅದನ್ನು ಕತ್ತರಿಸಿ ಪಾರದರ್ಶಕತೆ ಬೇಕೆನ್ನುವುದು ಹೊಂದದ ಮಾತು.

ಆದ್ದರಿಂದ ಮುಂಬಯಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಸಾಮಾಜಿಕ ನ್ಯಾಯಕ್ಕೆ ಹಣ ಕೊಡುವ ಫೌಂಡೇಶನ್ನುಗಳ ಟ್ರಸ್ಟಿಗಳಲ್ಲಿ ಒಂದು ಕೇಳಿಕೆ. ಕಾರ್ಯಾಚರಣೆ ಮುಖ್ಯಸ್ಥರ ಕೆಲಸವನ್ನು ಶುದ್ಧ ಆಡಿಟ್ ವರದಿಯೊಂದರಿಂದಲೇ ಅಳೆಯಬೇಡಿ. ಅರ್ಜಿ ಬಂದ ದಿನದಿಂದ ಮೊದಲ ಕಂತು ಬಿಡುಗಡೆಯಾಗಲು ಸರಾಸರಿ ಎಷ್ಟು ದಿನ ಹಿಡಿಯಿತು, ಎಷ್ಟು ಅನುದಾನ ಮೂರು ವರ್ಷ ಅಥವಾ ಹೆಚ್ಚಿನ ಅವಧಿಯದು, ಪಡೆದವರ ನಿಜವಾದ ಪರೋಕ್ಷ ವೆಚ್ಚದಲ್ಲಿ ಎಷ್ಟು ಪಾಲು ಕೊಟ್ಟಿರಿ, ಮೊದಲ ಬಾರಿ ಅನುದಾನ ಪಡೆದ ಸಂಸ್ಥೆಗಳಲ್ಲಿ ದಲಿತರು, ಆದಿವಾಸಿಗಳು, ಮಹಿಳೆಯರು ನಡೆಸುವಂಥವು ಎಷ್ಟು: ಈ ನಾಲ್ಕು ಅಂಕಿಗಳನ್ನು ಮುಂದಿನ ವಾರ್ಷಿಕ ವರದಿಯಲ್ಲಿ ಅಚ್ಚು ಮಾಡಿ. ಇವುಗಳನ್ನು ಕೇಳುವ ಹಕ್ಕು ನಿಮ್ಮಿಂದ ಹಣ ಪಡೆಯುವವರಿಗೂ ಇದೆ, ನಿಮಗೆ ದೇಣಿಗೆ ಕೊಡುವ ಓದುಗರಿಗೂ ಇದೆ.